ಉದ್ರಿ ಪುಸ್ತಕದಲ್ಲಿ ಕುವೈತ್

2020ರ ಮೇ ತಿಂಗಳ ಕೊನೆಯ ವಾರ ಕುವೈತ್ ಸರ್ಕಾರ ಐದು ಬಡಾವಣೆಗಳ ಹೆಸರು ಪ್ರಕಟಿಸಿತು: ಫರ್ವಾನಿಯ, ಖೈತಾನ್, ಹವಲ್ಲಿ, ನುಗ್ರಾ, ಮೈದಾನ್ ಹವಲ್ಲಿ. ಕೊರೋನಾ ಹೆಚ್ಚಿದ್ದರಿಂದ 31ನೇ ತಾರೀಖಿನಿಂದ ಈ ಐದೂ ಕಡೆ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಐದನೆಯ ಹೆಸರು ನಮ್ಮದು. ಆ ಹೊತ್ತಿಗೆ ಇಡೀ ದೇಶ ಮೂರು ವಾರ ಪೂರ್ಣ ಕರ್ಫ್ಯೂ ಅನುಭವಿಸಿತ್ತು. ಸಂಜೆ ಎರಡು ತಾಸು ಮಾತ್ರ ನಡೆದಾಡಲು ಬಿಡುತ್ತಿದ್ದರು. ಸಹಕಾರ ಸಂಘದ ಅಂಗಡಿಗೆ ಹೋಗಬೇಕಾದರೆ ಸಿವಿಲ್ ಐಡಿ ಸಂಖ್ಯೆ ಹಾಕಿ ಮೊದಲೇ ಸಮಯ ಪಡೆಯಬೇಕಿತ್ತು. ಬೀದಿಯ ತುದಿಯಲ್ಲಿ ಬೇಲಿ ಬಿದ್ದ ದಿನ ನಾನು ಅಡುಗೆಮನೆಯಲ್ಲಿ ನಿಂತು ದಾಸ್ತಾನು ಎಣಿಸಿದೆ. ವೃತ್ತಿಯ ಚಟ, ಏನು ಮಾಡುವುದು! ಕುಚ್ಚಲಕ್ಕಿ ನಾಲ್ಕು ಕಿಲೋ, ತೊಗರಿಬೇಳೆ ಒಂದೂವರೆ, ಹುಣಸೆಹಣ್ಣು ಒಂದು ಮುದ್ದೆ, ಆಯಿ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಅರ್ಧ ಬಾಟಲಿ.

ನಮ್ಮ ಕಟ್ಟಡದ ಕೆಳಗೆ ಒಂದು ಬಕಾಲಾ ಇತ್ತು. ಕುವೈತಿನಲ್ಲಿ ಮೂಲೆ ಅಂಗಡಿಗೆ ಹೀಗೇ ಕರೆಯುವುದು. ಅರಬಿಯಲ್ಲಿ 'ಬಖ್ಲ್' ಎಂದರೆ ಸೊಪ್ಪು ತರಕಾರಿ; ಮಾರುವವನು ಬಕಾಲ. ಈಗ ಅಲ್ಲಿ ಮೊಬೈಲ್ ಕಾರ್ಡಿನಿಂದ ಇಲಿ ಬೋನಿನ ತನಕ ಎಲ್ಲ ಸಿಗುತ್ತದೆ. ನಡೆಸುತ್ತಿದ್ದವರು ಉಪ್ಪಳದ ಕಡೆಯ ಬ್ಯಾರಿ. ನನ್ನ ಹತ್ತಿರ ಕನ್ನಡ, ಮಂಗಳೂರಿನವರ ಹತ್ತಿರ ತುಳು, ಉಳಿದವರ ಹತ್ತಿರ ಮಲಯಾಳ, ಹಿಂದಿ, ಅರಬಿ. ಎಲ್ಲರಿಗೂ ಅವರು 'ಕಾಕಾ'. ಗಲ್ಲಾದ ಪಕ್ಕ ದಾರದಲ್ಲಿ ನೇತಾಡುವ ಉದ್ದನೆಯ ಪುಸ್ತಕ. ಅದರಲ್ಲಿ ಹೆಸರುಗಳಿಲ್ಲ, ವಿಳಾಸಗಳಿವೆ: 'ಮೂರನೇ ಮಹಡಿ ಮಿಸ್ರಿ', 'ಡ್ರೈವರ್ ಆಂಧ್ರ', 'ಟೀಚರಮ್ಮ'. ನಾನು 'ಸಿಎ ಹೊನ್ನಾವರ'.

ಆ ಪುಸ್ತಕಕ್ಕೆ ನಾನು ಸೇರಿದ್ದು ಬಂದ ಮೊದಲ ವರ್ಷವೇ, 2006ರಲ್ಲಿ. ಬಿಕಾಂ, ಸಿಎ ಮುಗಿಸಿ ಹೆಮ್ಮೆಯಿಂದ ಬಂದಿಳಿದವನಿಗೆ ಮೊದಲ ಕಂಪನಿ ಮೂರು ತಿಂಗಳು ಸಂಬಳವನ್ನೇ ಕೊಡಲಿಲ್ಲ. ಬೇರೆಯವರ ಲೆಕ್ಕ ಸರಿ ಮಾಡುವ ನಾನು ಅಕ್ಕಿ, ಮೊಸರು, ಕರಿಬೇವನ್ನು ಉದ್ರಿ ತಂದು ಬದುಕಿದೆ. ಊರಿಗೆ ಫೋನು ಮಾಡಿದಾಗ ಆಯಿಯ ಮೊದಲ ಪ್ರಶ್ನೆ ಒಂದೇ: "ಉಂಡ್ಯನಾ ತಮಾ?" ಉಂಡೆ ಎನ್ನುತ್ತಿದ್ದೆ. ಯಾರ ದುಡ್ಡಿನಲ್ಲಿ ಎಂದು ಹೇಳುತ್ತಿರಲಿಲ್ಲ.

ಬೇಲಿಯೊಳಗಿನ ಆ ದಿನಗಳಲ್ಲಿ ನನಗೆ ಇತಿಹಾಸದ ಹುಚ್ಚು ಹಿಡಿಯಿತು. ಕೆಲಸ ಮನೆಯಿಂದಲೇ, ಅದೂ ಅರ್ಧ. ಅಕ್ಕಿ ಬೇಳೆಯ ಚಿಂತೆ ಇದ್ದುದರಿಂದ ಓದಿದ್ದೂ ಅಕ್ಕಿ ಬೇಳೆಯದೇ.

ಮೊದಲು ಎದುರಾದವನು ನಮ್ಮೂರಿಗೇ ಬಂದಿದ್ದ ಪರದೇಶಿ. 14ನೇ ಶತಮಾನದ ನಡುಭಾಗದಲ್ಲಿ ಮೊರೊಕ್ಕೊ ದೇಶದ ಇಬ್ನ್ ಬತೂತ ಹೊನ್ನಾವರದಲ್ಲಿದ್ದ. ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಅವನು ವಿವರವಾಗಿ ಬರೆದಿದ್ದಾನೆ. ತಾಮ್ರದ ಪಾತ್ರೆಯಿಂದ ಸೌಟಿನಲ್ಲಿ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ. ಪ್ರತಿಯೊಂದಕ್ಕೂ ಮತ್ತೆ ಒಂದು ಸೌಟು ಅನ್ನ. ಕಡೆಗೆ ಮೊಸರು. ಕೋಳಿ, ಮೀನು ತೆಗೆದರೆ ನಮ್ಮ ಮನೆಯ ಬಾಳೆಲೆಯೇ. ಇಷ್ಟೆಲ್ಲ ಉಂಡವನಿಗೆ ಮುಂದೆ ಏನಾಯಿತು? ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ ಎಂದು ಗೊಣಗುತ್ತಾನೆ. ಮಾಲ್ಡೀವ್ಸ್, ಸಿಂಹಳ, ಮಲಬಾರು ಸೇರಿ ಮೂರು ವರ್ಷ ಬರೀ ಅನ್ನ ತಿಂದು, ಕೊನೆಕೊನೆಗೆ ನೀರು ಕುಡಿದು ನುಂಗಬೇಕಾಯಿತಂತೆ. ಅಲ್ಲಯ್ಯಾ ಮಹರಾಯ, ನಾನು ಇಲ್ಲಿ ಖುಬ್ಬೂಸನ್ನು ನೀರು ಕುಡಿದೇ ನುಂಗಿದ್ದು! ಏಳು ಶತಮಾನದಲ್ಲಿ ಅವನಷ್ಟು ಚೆನ್ನಾಗಿ ನನ್ನ ಕಷ್ಟ ಬಲ್ಲವನು ಬೇರೆ ಸಿಕ್ಕಿಲ್ಲ. ಅವನು ಬಂದದ್ದು ರೊಟ್ಟಿಯ ನಾಡಿನಿಂದ ಅನ್ನದ ನಾಡಿಗೆ, ನಾನು ಅನ್ನದ ನಾಡಿನಿಂದ ರೊಟ್ಟಿಯ ನಾಡಿಗೆ.

ಆದರೆ ಕೊಲ್ಲಿಯನ್ನು ಬರೀ ರೊಟ್ಟಿಯ ನಾಡು ಎನ್ನುವುದೂ ತಪ್ಪು. 16ನೇ ಶತಮಾನದ ಆರಂಭದಲ್ಲಿ ನಮ್ಮ ಕರಾವಳಿ ನೋಡಿದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಭಟ್ಕಳದ ವ್ಯಾಪಾರ ಬರೆದಿದ್ದಾನೆ. ಹೊರ್ಮೂಜಿನಿಂದ ಹಡಗುಗಳು ಕುದುರೆ, ಮುತ್ತು ತರುತ್ತಿದ್ದವು. ಬಿಳಿ ಅಕ್ಕಿ, ಸಕ್ಕರೆ, ಕಬ್ಬಿಣ ಒಯ್ಯುತ್ತಿದ್ದವು. ಕುದುರೆಗಳು ವಿಜಯನಗರಕ್ಕೆ, ಅಕ್ಕಿ ಕೊಲ್ಲಿಗೆ. ನಾವು ಶಾಲೆಯಲ್ಲಿ ಕುದುರೆಗಳ ಪಾಠ ಓದಿದೆವು. ಹಿಂತಿರುಗುವ ಹಡಗಿನ ಹೊಟ್ಟೆಯಲ್ಲಿ ಏನಿತ್ತು ಎಂದು ಮೇಷ್ಟ್ರು ಹೇಳಲಿಲ್ಲ. ಜಮೆಯ ಪಕ್ಕ ಓದಿ ಖರ್ಚಿನ ಪಕ್ಕ ಬಿಟ್ಟ ಹಾಗೆ.

ಆಗ ಕುವೈತ್ ಎಂಬ ಊರು ಹುಟ್ಟಿರಲಿಲ್ಲ. ಅದು ಊರಾಗಿ ಬೆಳೆದದ್ದು 18ನೇ ಶತಮಾನದಲ್ಲಿ. ಹೊಲವಿಲ್ಲ, ನದಿಯಿಲ್ಲ, ಕಾಡಿಲ್ಲ; ಕುಡಿಯುವ ನೀರನ್ನೂ ಒಂದು ಕಾಲಕ್ಕೆ ಶತ್ತುಲ್ ಅರಬ್ ನದಿಯಿಂದ ದೋಣಿಯಲ್ಲಿ ತರುತ್ತಿದ್ದರು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಹವಲ್ಲಿಯ ಬಾವಿಯಲ್ಲಿ ಸಿಹಿನೀರು ಸಿಕ್ಕಿದ್ದೇ ಆ ಹೆಸರಿನ ಮೂಲ ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಅಂಥ ಊರು ಬದುಕಿದ್ದು ಹಡಗಿನಿಂದ. ಆ ಹಡಗಿನ ತೇಗ ಮಲಬಾರಿನದು. ಖರ್ಜೂರದ ಸುಗ್ಗಿ ಮುಗಿದ ಮೇಲೆ ಬಸ್ರಾದಲ್ಲಿ ಖರ್ಜೂರ ತುಂಬಿಕೊಂಡ 'ಬೂಮ್' ಎಂಬ ದೊಡ್ಡ ಪತ್ತೇಮಾರಿಗಳು ಕರಾಚಿ, ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳ ಕಡೆ ಹೊರಡುತ್ತಿದ್ದವು. ವಾಪಸು ಬರುವಾಗ ಅಕ್ಕಿ, ಸಾಂಬಾರ ಪದಾರ್ಥ, ಮರ, ತೆಂಗಿನ ನಾರಿನ ಹಗ್ಗ. ಮಳೆಗಾಲದ ಮೊದಲು ಮನೆ ಸೇರಬೇಕು. ನಮ್ಮ ಕಡೆ ದೋಣಿಯವರ ಲೆಕ್ಕವೂ ಅದೇ.

ಸಾಮಾನಿನ ಜೊತೆ ಶಬ್ದಗಳೂ ಹಡಗು ಹತ್ತಿದವು. ಏಲಕ್ಕಿಗೆ ಇಲ್ಲಿ 'ಹೇಲ್'; ಸಂಸ್ಕೃತದ ಏಲಾ. ತೆಂಗಿನಕಾಯಿ 'ನಾರ್ಜೀಲ್', ನಾರಿಕೇಲ. ಹುಣಸೆಹಣ್ಣು 'ತಮರ್ ಹಿಂದೀ', ಅಂದರೆ ಹಿಂದೂಸ್ತಾನದ ಖರ್ಜೂರ. ಮುದುಕ ಕುವೈತಿಗಳು ಉಪ್ಪಿನಕಾಯಿಗೆ 'ಅಚಾರ್' ಎನ್ನುತ್ತಾರೆ, ಫ್ಯಾನಿಗೆ 'ಬಂಕಾ', ನೆಟ್ಟಗೆ ಹೋಗು ಎನ್ನಲು 'ಸೀದಾ'. ಫಲಾಫಲ್ ಅಂಗಡಿಯಲ್ಲಿ ಹಳದಿ ಬಣ್ಣದ ಮಾವಿನಕಾಯಿ ಗೊಜ್ಜನ್ನು 'ಅಂಬಾ' ಎಂದು ಸುರಿಯುತ್ತಾರೆ. ನಮ್ಮ ಮರಾಠಿ ನೆರೆಯವರ ಆಂಬಾ. ಬಂದ ಹೊಸತರಲ್ಲಿ ಅದನ್ನು ತಿಂದು ಮೆಂತೆಯ ವಾಸನೆಗೆ ಕಣ್ಣು ತುಂಬಿತ್ತು. ಖಾರಕ್ಕೆ ಎಂದು ಪಕ್ಕದವನಿಗೆ ಹೇಳಿದೆ.

ಹಣವೂ ನಮ್ಮದೇ ಇತ್ತು, ಇದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕುವೈತಿನಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. ಅಂಚೆ ಚೀಟಿ ಕೂಡ ಭಾರತದ್ದೇ, ಮೇಲೆ ಕುವೈತ್ ಎಂಬ ಮುದ್ರೆ. ರೂಪಾಯಿ ಕೊಟ್ಟು ಕೊಲ್ಲಿಯಲ್ಲಿ ಚಿನ್ನ ಕೊಂಡು ಮುಂಬಯಿಗೆ ಕಳ್ಳಸಾಗಣೆ ಮಾಡುವುದು ಮಿತಿಮೀರಿ, ಆ ರೂಪಾಯಿಗಳು ಮರಳಿ ಬಂದು ನಮ್ಮ ವಿದೇಶಿ ವಿನಿಮಯವನ್ನು ಕರಗಿಸುತ್ತಿದ್ದುದರಿಂದ, 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು. ಅದು ಭಾರತದೊಳಗೆ ನಡೆಯುತ್ತಿರಲಿಲ್ಲ. ಎರಡೇ ವರ್ಷ. 1961ರ ಏಪ್ರಿಲ್ 1ರಂದು ಕುವೈತ್ ತನ್ನ ದಿನಾರ್ ತಂದಿತು. ಒಂದು ದಿನಾರಿಗೆ ಹದಿಮೂರು ರೂಪಾಯಿ ಮತ್ತು ಮೂರನೇ ಒಂದು ಭಾಗ. ಜೂನ್ 19ಕ್ಕೆ ದೇಶವೇ ಸ್ವತಂತ್ರವಾಯಿತು. ಲೆಕ್ಕ ಹಾಕಿ ನೋಡಿ: ಅಂದಿನ ಒಂದು ರೂಪಾಯಿಗೆ ಸರಿಯಾಗಿ 75 ಫಿಲ್ಸ್. ಇಂದು 75 ಫಿಲ್ಸಿಗೆ ಇಪ್ಪತ್ತಕ್ಕೂ ಹೆಚ್ಚು ರೂಪಾಯಿ ಸಿಗುತ್ತದೆ. ತಿಂಗಳ ಕೊನೆಗೆ ಊರಿಗೆ ದುಡ್ಡು ಕಳಿಸುವಾಗ ನಾವೆಲ್ಲ ರೂಪಾಯಿ ಬಿದ್ದರೆ ಖುಷಿಪಡುವವರೇ. ನನ್ನಂಥವನೂ ಹೊರತಲ್ಲ, ನಾಚಿಕೆಯಿಂದ ಬರೆಯುತ್ತಿದ್ದೇನೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೆ. ಆಸ್ಟ್ರೇಲಿಯದ ಅಲನ್ ವಿಲಿಯರ್ಸ್ 1938-39ರಲ್ಲಿ ಕುವೈತಿ ಬೂಮಿನಲ್ಲಿ ಆಫ್ರಿಕದ ತೀರದವರೆಗೆ ಪಯಣಿಸಿ, ಕುವೈತಿಗೆ ಬಂದು ಇಲ್ಲಿನ ಮುತ್ತು ಮುಳುಗುಗಾರರ ಬದುಕನ್ನೂ ಬರೆದ. ಬೇಸಿಗೆಯ ಮುಳುಗಿಗೆ ಹೊರಡುವ ಮೊದಲು ನಖೋದಾ, ಅಂದರೆ ಹಡಗಿನ ಯಜಮಾನ, ಮುಂಗಡ ಕೊಡುತ್ತಿದ್ದ. ಆ ಮುಂಗಡದಲ್ಲಿ ಮನೆಯವರಿಗೆ ಅಕ್ಕಿ, ಖರ್ಜೂರ. ಮುತ್ತು ಚೆನ್ನಾಗಿ ಸಿಗದಿದ್ದರೆ ಸಾಲ ಮುಂದಿನ ವರ್ಷಕ್ಕೆ ದಾಟುತ್ತಿತ್ತು. ಮುಳುಗುಗಾರ ಸತ್ತರೆ ಮಗನ ತಲೆಗೆ ಬರುತ್ತಿತ್ತು. ಜಪಾನಿನ ಕೃಷಿ ಮುತ್ತು ಬಂದು ಮಾರುಕಟ್ಟೆ ಕುಸಿದಾಗ ಆ ಸಾಲ ತೀರಿಸುವ ದಾರಿಯೇ ಮುಚ್ಚಿತು. 1938ರಲ್ಲಿ ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿತು, 1946ರಲ್ಲಿ ಮೊದಲ ರಫ್ತು. ಇಂದು ಕುವೈತಿ ಪ್ರಜೆಗೆ ಅಕ್ಕಿ, ಸಕ್ಕರೆ, ಎಣ್ಣೆ ಸರ್ಕಾರದ ರೇಷನ್ ಕಾರ್ಡಿನಲ್ಲಿ ಅಗ್ಗವಾಗಿ ಸಿಗುತ್ತದೆ. ಅಕ್ಕಿಗಾಗಿ ಸಾಲ ಹೊತ್ತವರ ಮೊಮ್ಮಕ್ಕಳಿಗೆ ಅದು ನ್ಯಾಯವೇ. ಉದ್ರಿ ಮಾತ್ರ ಊರು ಬಿಟ್ಟು ಹೋಗಲಿಲ್ಲ, ನಮ್ಮ ಬಕಾಲಾದ ದಾರಕ್ಕೆ ನೇತಾಡುತ್ತಿತ್ತು.

ಈ ಊರಿನ ಭಾರತೀಯರ ಅಡುಗೆ ಸಾಮಾನು ವಿಶ್ವಸಂಸ್ಥೆಯ ಮೇಜಿಗೂ ಹೋಗಿದೆ. 1990ರ ಆಗಸ್ಟ್ 2ರಂದು ಇರಾಕ್ ಒಳನುಗ್ಗಿತು. ನಾಲ್ಕು ದಿನಕ್ಕೆ ಭದ್ರತಾ ಮಂಡಳಿ ನಿರ್ಬಂಧ ಹೇರಿತು. ಸಿಕ್ಕಿಕೊಂಡಿದ್ದ ನಮ್ಮವರಿಗೆ ಆಹಾರ ಕಳಿಸಲು ಭಾರತ ಅನುಮತಿ ಕೇಳಬೇಕಾಯಿತು. ಸೆಪ್ಟೆಂಬರಿನಲ್ಲಿ ಅದು ಸಿಕ್ಕಿ ಹಡಗು ಹೊರಟಿತು. ಅಷ್ಟರಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳು ಊರಿಗೆ ಹೊತ್ತು ತರುತ್ತಿದ್ದವು. ಕಾಕಾ ಆಗ ಹುಡುಗ, ಚಿಕ್ಕಪ್ಪನ ಅಂಗಡಿಯಲ್ಲಿ ಸಹಾಯಕ. ಬಸ್ಸು ಹತ್ತುವ ಹಿಂದಿನ ರಾತ್ರಿ ಚಿಕ್ಕಪ್ಪ ಅಂಗಡಿಯ ಅಕ್ಕಿಯನ್ನೆಲ್ಲ ಪಕ್ಕದ ಫೆಲೆಸ್ತೀನಿ ಕುಟುಂಬಗಳಿಗೆ ಹಂಚಿ ಬೀಗ ಹಾಕಿದ್ದರಂತೆ. ಹವಲ್ಲಿ ಆಗ ಫೆಲೆಸ್ತೀನಿಯರ ಊರು. ಯುದ್ಧ ಮುಗಿದು ಇವರು ಮರಳಿ ಬಂದಾಗ ಆ ಕುಟುಂಬಗಳಲ್ಲಿ ಹೆಚ್ಚಿನವರು ಇರಲಿಲ್ಲ.

ಇಷ್ಟು ಓದಿ ನಾನು ಬೇಲಿಯೊಳಗಿನ ಜೂನ್ ತಿಂಗಳಿಗೆ ಮರಳುತ್ತೇನೆ. ಎಷ್ಟೋ ಕಂಪನಿಗಳು ಸಂಬಳ ನಿಲ್ಲಿಸಿದ್ದವು. ನಮ್ಮ ಬೀದಿಯಲ್ಲಿ ದಿನಗೂಲಿಯವರು, ಕ್ಷೌರಿಕರು, ಟ್ಯಾಕ್ಸಿಯವರು, ಎಲ್ಲರಿಗೂ ಕಾಕಾ ಬರೆದುಕೊಂಡು ಕೊಡುತ್ತಿದ್ದರು. ಅವರಿಗೆ ಸಾಮಾನು ಕೊಡುವ ಸಗಟು ವ್ಯಾಪಾರಿ ಮಾತ್ರ ನಗದು ಕೇಳುತ್ತಿದ್ದ. ಒಂದು ಸಂಜೆ ಪುಸ್ತಕ ಕೈಗೆತ್ತಿಕೊಂಡು ಕೂಡಿಸಿದೆ. ಅಂಗಡಿಯ ಬಂಡವಾಳದ ಅರ್ಧಕ್ಕಿಂತ ಹೆಚ್ಚು ಕಾಗದದ ಮೇಲಿತ್ತು.

"ಕಾಕಾ, ಇದು ಸಾಕು. ಹೊಸ ಉದ್ರಿ ನಿಲ್ಲಿಸಿ. ಇಲ್ಲದಿದ್ದರೆ ಎರಡು ತಿಂಗಳಲ್ಲಿ ಬಾಗಿಲು ಮುಚ್ಚಬೇಕಾಗ್ತದೆ."

"ನಿಮಗೆ ಕೊಟ್ಟಾಗ ಯಾವ ಆಡಿಟರನ್ನು ಕೇಳಿದ್ದೆ ಸಾರ್?" ಎಂದರು. ನಗುತ್ತಲೇ ಹೇಳಿದರು, ಆದರೆ ನಾನು ಪುಸ್ತಕ ಕೆಳಗಿಟ್ಟೆ.

ಬಾಗಿಲು ಮುಚ್ಚಲಿಲ್ಲ, ಹೇಗೆ ಎಂದು ನನ್ನ ಲೆಕ್ಕಕ್ಕೆ ಇಂದಿಗೂ ಸಿಗುವುದಿಲ್ಲ. ಊರಿನಲ್ಲಿ ಹೆಂಡತಿಯ ಬಳೆ ಅಡವಿಟ್ಟಿದ್ದರು ಎಂದು ಬಹಳ ಕಾಲದ ಮೇಲೆ ಗೊತ್ತಾಯಿತು. ಆ ಬೇಸಿಗೆಯಲ್ಲಿ ಅವರು ಒಂದು ದಿನವೂ ಬೆಲೆ ಏರಿಸಿದ್ದು ನಾನು ಕಾಣಲಿಲ್ಲ. ಬೇಲಿ ತೆಗೆದ ವಾರ ಬಂದ ಮೊದಲ ಕರಿಬೇವಿನ ಕಟ್ಟುಗಳನ್ನು, ಬಾಡಿ ಕಪ್ಪಾಗಿದ್ದವು, ಕೇಳಿದವರಿಗೆಲ್ಲ ಪುಕ್ಕಟೆ ಕೊಟ್ಟರು.

2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಸೋನಾ ಮಸೂರಿ ತಿನ್ನುವ ಬೆಂಗಳೂರು, ಮೈಸೂರಿನ ಗೆಳೆಯರು ಕಂಗಾಲಾದರು. ಕುಚ್ಚಲಕ್ಕಿಗೆ ನಿಷೇಧವಿಲ್ಲ, ಆಗಸ್ಟಿನಲ್ಲಿ ಶೇಕಡಾ 20 ಸುಂಕ ಮಾತ್ರ. ಕರಾವಳಿಯವನಾಗಿ ಹುಟ್ಟಿದ್ದಕ್ಕೆ ಸಿಕ್ಕಿದ ಏಕೈಕ ಆರ್ಥಿಕ ಲಾಭ ಇದು ಎಂದು ನಗಾಡಿದೆವು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ನಿಷೇಧ ತೆಗೆದಾಗ ಕಾಕಾ ಊರಿಗೆ ಹೊರಡುವ ತಯಾರಿಯಲ್ಲಿದ್ದರು. ಸಕ್ಕರೆ ಕಾಯಿಲೆ, ಕಾಲು ನೋವು. ಅಂಗಡಿಯನ್ನು ಬಾಂಗ್ಲಾದೇಶದ ಒಬ್ಬರಿಗೆ ಬಿಟ್ಟುಕೊಡುವುದೆಂದು ಮಾತಾಗಿತ್ತು. ಲೆಕ್ಕ ಮುಗಿಸಿಕೊಡಿ ಎಂದು ನನ್ನನ್ನು ಕರೆದರು.

ಎರಡು ಶುಕ್ರವಾರ ಕೂತೆವು. ದಾಸ್ತಾನು, ಫ್ರಿಜ್ಜು, ಕಪಾಟು ಎಲ್ಲ ಸರಿಹೊಂದಿತು. ಕೊನೆಗೆ ಉದ್ರಿ ಪುಸ್ತಕ. 2020ರ ಪುಟಗಳಲ್ಲಿ ಬಂದದ್ದಕ್ಕೆಲ್ಲ ಕೆಂಪು ಗೀಟು ಇತ್ತು. ಗೀಟಿಲ್ಲದೆ ಉಳಿದದ್ದು 412 ದಿನಾರ್. ಕೆಲವರು ಹೇಳದೆ ಊರು ಸೇರಿದ್ದರು. 'ಡ್ರೈವರ್ ಆಂಧ್ರ' ಎಂಬ ಪುಟದ ಕೊನೆಯ ನಮೂದು ಜೂನ್ ಮೊದಲ ವಾರದ್ದು: ಅಕ್ಕಿ ಐದು ಕಿಲೋ, ಎಣ್ಣೆ, ಹಾಲಿನ ಪುಡಿ. ಆಸ್ಪತ್ರೆಗೆ ಹೋದವನು ಮರಳಲಿಲ್ಲ ಎಂದು ಕಾಕಾ ಹೇಳಿದರು. ಅವನ ಊರು ಯಾವುದು, ಮನೆಯವರು ಯಾರು ಎಂದು ಇಬ್ಬರಿಗೂ ತಿಳಿಯದು.

"ವಸೂಲಾಗದ ಸಾಲ ಅಂತ ಒಟ್ಟಿಗೆ ತೋರಿಸ್ತೇನೆ ಕಾಕಾ," ಎಂದೆ.

"ಬರೆಯಿರಿ. ಆದರೆ ಆ ಡ್ರೈವರಿನದ್ದು ಅದರಲ್ಲಿ ಹಾಕಬೇಡಿ. ಅದು ನಾನು ಬಿಟ್ಟದ್ದು." ಪೆನ್ನು ತೆಗೆದುಕೊಂಡು ಆ ಪುಟಕ್ಕೆ ತಾವೇ ಕೆಂಪು ಗೀಟು ಎಳೆದರು. ನಾನು ಒಟ್ಟು ಮೊತ್ತದಿಂದ 23 ದಿನಾರ್ 750 ಫಿಲ್ಸ್ ಕಳೆದು ಮತ್ತೆ ಬರೆದೆ.

ಹಿಂದಿನ ಕೋಣೆಯಲ್ಲಿ ಎರಡು ಚೀಲ ಕುಚ್ಚಲಕ್ಕಿ ಉಳಿದಿತ್ತು. ಹೊಸಬನಿಗೆ ಅದು ಬೇಡ, ಅವನ ಗಿರಾಕಿಗಳು ಅದನ್ನು ತಿನ್ನುವುದಿಲ್ಲ. ಒಂದು ಚೀಲ ನಾನು ಕೊಂಡೆ. ದುಡ್ಡು ಕೊಡಲು ಹೋದರೆ ಕಾಕಾ ಅಭ್ಯಾಸದಿಂದ ಪುಸ್ತಕದ ಕಡೆ ಕೈ ಚಾಚಿದರು. ಅದು ನನ್ನ ಬ್ಯಾಗಿನಲ್ಲಿತ್ತು.