ಚಿನಿವಾರನ ತಕ್ಕಡಿಯಲ್ಲಿ ಸ್ಪೇನಿನ ಬೆಳ್ಳಿ

ರಟ್ಟರ ರಾಜಧಾನಿಯಾಗಿದ್ದ ಸವದತ್ತಿಯನ್ನು ಶಾಸನಗಳು ಸುಗಂಧವರ್ತಿಯೆಂದು ಕರೆಯುತ್ತವೆ. ಆ ಕಾಲದ ಕನ್ನಡ ದಾನಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕವಿದೆ. ಅನೇಕ ಶಾಸನಗಳು ಬರಿಯ ಗದ್ಯಾಣವೆನ್ನದೆ ‘ಲೊಕ್ಕಿ ಗದ್ಯಾಣ’ವೆಂದು ನಿರ್ದೇಶಿಸುತ್ತವೆ, ಅದು ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಟಂಕಸಾಲೆಯ ನಾಣ್ಯ. ನಾಣ್ಯ ಯಾವ ಕಮ್ಮಟದಿಂದ ಬಂದಿತೆಂಬುದೂ ಅದರ ಬೆಲೆಯ ಭಾಗವೆಂಬ ಅರಿವು ಈ ನಾಡಿಗೆ ಅಷ್ಟು ಹಳೆಯದು.

ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿದಾಗ ಈ ಭಾಗದಲ್ಲಿ ಹಲವು ಟಂಕಸಾಲೆಗಳ ರೂಪಾಯಿಗಳು ಚಲಾವಣೆಯಲ್ಲಿದ್ದವು. 1824ರಲ್ಲಿ ಕಿತ್ತೂರು ಕಂಪನಿಯ ವಶವಾಯಿತು. ರಾಮದುರ್ಗ ಮಾತ್ರ 1948ರವರೆಗೂ ಪ್ರತ್ಯೇಕ ಸಂಸ್ಥಾನವಾಗಿಯೇ ಉಳಿಯಿತು. ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೋಗುವ ವರ್ತಕ ಒಂದು ಆಡಳಿತದಿಂದ ಇನ್ನೊಂದಕ್ಕೆ ದಾಟುತ್ತಿದ್ದ. ನಾಣ್ಯಗಳು ಬೆರೆತ ಇಂಥ ಪೇಟೆಗಳಲ್ಲಿ ಚಿನಿವಾರನು ತೂಕ, ಶುದ್ಧತೆ, ಸವೆತಗಳನ್ನು ನೋಡಿ ವಟ್ಟ ಕಳೆಯುತ್ತಿದ್ದ. ಅದನ್ನರಿಯದ ರೈತನಿಗೆ ನಷ್ಟ ತಪ್ಪುತ್ತಿರಲಿಲ್ಲ.

ಸ್ಪೇನಿನ ಹಳೆಯ ಬೆಳ್ಳಿ ನಾಣ್ಯವನ್ನು ಇಂದು ಕೊಳ್ಳುವವನಿಗೂ ಆ ಚಿನಿವಾರನ ವಿವೇಕವೇ ಬೇಕು. ಮೆಕ್ಸಿಕೊ, ಲಿಮಾ, ಪೊಟೊಸಿಗಳಲ್ಲಿ ಅಚ್ಚಾದ ಎಂಟು ರಿಯಾಲುಗಳು ಐರೋಪ್ಯ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದವು. ಬಹುಪಾಲು ಕರಗಿ ರೂಪಾಯಿಗಳಾದವು. ಇವುಗಳ ಪೂರ್ಣ ತೂಕ ಸುಮಾರು 27 ಗ್ರಾಂ. ಎರಡು ಕಂಬಗಳ ನಡುವೆ ಭೂಗೋಲಗಳನ್ನುಳ್ಳ, 1732ರಿಂದ 1772ರವರೆಗಿನ ನಾಣ್ಯದಲ್ಲಿ ಸಾವಿರಕ್ಕೆ 917 ಭಾಗ ಬೆಳ್ಳಿಯಿದೆ. ಅನಂತರದ ರಾಜಮುಖದ ನಾಣ್ಯದಲ್ಲಿ ಅದು ಸುಮಾರು 903ಕ್ಕೂ, 1786ರ ಬಳಿಕ 896ಕ್ಕೂ ಇಳಿಯಿತು. ಈ ಇಳಿಕೆಯನ್ನು ಸ್ಪೇನಿನ ಅರಸೊತ್ತಿಗೆ ಗುಟ್ಟಾಗಿಯೇ ನಡೆಸಿತ್ತು.

1835ರ ಕಂಪನಿ ರೂಪಾಯಿಯಲ್ಲಿದ್ದ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ, ಎಂಟು ರಿಯಾಲಿನಲ್ಲಿ 24ರಿಂದ 25 ಗ್ರಾಂ. ಲೋಹದ ಲೆಕ್ಕದಲ್ಲಿ ಅದು ಸುಮಾರು ಎರಡೂಕಾಲು ರೂಪಾಯಿಗೆ ಸಮ. ಆ ದಿನದ ಬೆಳ್ಳಿಯ ದರದಿಂದ ಈ ಮೊತ್ತವನ್ನು ಮೊದಲು ಗುಣಿಸಿಕೊಂಡರೆ, ವ್ಯಾಪಾರಿ ಕೇಳುವ ಉಳಿದ ಹಣ ಯಾವುದಕ್ಕೆಂದು ಪ್ರಶ್ನಿಸಬಹುದು. ವರ್ಷ, ಟಂಕಸಾಲೆಯ ಗುರುತು, ಅಕ್ಷರಗಳ ಸ್ಪಷ್ಟತೆ ಇವೇ ಅದಕ್ಕೆ ಉತ್ತರವಾಗಬೇಕು. ಅದೇ ಬಗೆಯ ನಾಣ್ಯ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ ಇದಕ್ಕೆ ಅಳತೆಗೋಲು. ವ್ಯಾಪಾರಿ ಕೂಗುವ ಬೆಲೆಯಲ್ಲ. ಸರಕ್ಕೆ ಪೋಣಿಸಲು ಕೊರೆದ ತೂತು, ಬೆಸೆದ ಕೊಂಡಿ, ಉಜ್ಜಿ ತಂದ ಹೊಳಪು ಬೆಲೆಯನ್ನು ತಗ್ಗಿಸುತ್ತವೆ. ಗಾಳಿಯಲ್ಲೂ ನೀರಿನಲ್ಲೂ ತೂಗಿದಾಗ ಸಾಂದ್ರತೆ 10.3ರ ಆಸುಪಾಸಿಗೆ ಬಾರದಿದ್ದರೆ ನಕಲಿಯೆಂದು ಶಂಕಿಸಬೇಕು.

ಕೊನೆಯ ಪ್ರಶ್ನೆ ನಾಣ್ಯ ಎಲ್ಲಿಂದ ಬಂತೆಂಬುದು. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ಕಾನೂನು. ಮೂಲ ಹೇಳಲೊಲ್ಲದ ವ್ಯಾಪಾರಿಯಿಂದ ಅಗ್ಗವಾಗಿ ಕೊಂಡ ನಾಣ್ಯವೂ ದುಬಾರಿಯೇ: ಸಿಕ್ಕ ಊರು, ಜೊತೆಗಿದ್ದ ನಾಣ್ಯಗಳು, ಇಟ್ಟಿದ್ದ ಗಡಿಗೆ ಇವುಗಳ ಸುಳಿವು ಅಳಿದರೆ ಇತಿಹಾಸಕಾರನಿಗೆ ಉಳಿಯುವುದು ಬೆಳ್ಳಿಯ ಬಿಲ್ಲೆಯೊಂದೇ. ಲೊಕ್ಕಿ ಎಂಬ ಒಂದು ಪದವನ್ನು ಶಾಸನಕಾರ ಬಿಟ್ಟಿದ್ದರೆ ಆ ಗದ್ಯಾಣದ ಹುಟ್ಟೂರೂ ಹೀಗೆಯೇ ಮರೆಯಾಗುತ್ತಿತ್ತು.