‘ಎಷ್ಟು ಕೊಡುತ್ತೆ?’: ಸಣ್ಣ ಡೀಸೆಲ್ ಕಾರಿನ ಮೈಲೇಜ್, ಕಂಪನಿ ಲೆಕ್ಕ ಮತ್ತು ರಸ್ತೆ ಲೆಕ್ಕ

ಕಾರು ಕೊಳ್ಳುವ ಮುಂಚೆ ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ ‘ಎಷ್ಟು ಕೊಡುತ್ತೆ?’. ಸಣ್ಣ ಡೀಸೆಲ್ ಕಾರಿಗೆ ಕಂಪನಿಗಳು ಹೇಳುತ್ತಾ ಬಂದಿರುವ ಉತ್ತರ 23, 25, 28. ಓಡಿಸಿದವರನ್ನು ಕೇಳಿದರೆ ಸಿಗುವ ಉತ್ತರ ಅದಕ್ಕಿಂತ ಸಾಕಷ್ಟು ಕಡಿಮೆ. ಈ ಅಂತರ ಎಲ್ಲಿಂದ ಬರುತ್ತೆ, ಅದರ ದುಡ್ಡು ಯಾರ ಜೇಬಿನಿಂದ ಹೋಗುತ್ತೆ, ಅದನ್ನು ಪ್ರಶ್ನಿಸೋಕೆ ದಾರಿ ಇದೆಯಾ ಅನ್ನೋದನ್ನು ಇಲ್ಲಿ ನೋಡೋಣ.

ಬೆಂಗಳೂರಿನಲ್ಲಿ ಇದು ಹರಟೆಯ ವಿಷಯ ಇರಬಹುದು. ಎಚ್.ಡಿ. ಕೋಟೆ–ಸರಗೂರು ಸೀಮೆಯ ಎನ್. ಬೇಗೂರಿನಂಥ ಊರಿಗೆ ಇದು ಜೀವನದ ಲೆಕ್ಕ. ಒಂದು ಕಡೆ ಬಂಡೀಪುರದ ಕಾಡು (ಅಲ್ಲಿನ ಒಂದು ಅರಣ್ಯ ವಲಯದ ಹೆಸರೇ ಎನ್. ಬೇಗೂರು), ಇನ್ನೊಂದು ಕಡೆ ಕಬಿನಿ ಹಿನ್ನೀರು. ದೊಡ್ಡ ಕಾಯಿಲೆ ಅಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೇ ಹೋಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣವನ್ನು ಉಚಿತ ಮಾಡಿದೆ, ನಿಜ. ಆದರೆ ಕೊನೆಯ ಬಸ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಆಂಬುಲೆನ್ಸ್ ತಡವಾದರೆ, ಊರಿನಲ್ಲಿರುವ ಬಾಡಿಗೆ ಕಾರೇ ಗತಿ. ಆ ಕಾರಿನ ಬಾಡಿಗೆ ನಿರ್ಧಾರವಾಗೋದು ಅದು ಲೀಟರಿಗೆ ಎಷ್ಟು ಓಡುತ್ತೆ ಅನ್ನೋದರ ಮೇಲೆ.

ಕಂಪನಿ ಹೇಳುವ ಮೈಲೇಜ್ ಎಲ್ಲಿಂದ ಬರುತ್ತೆ?

ಜಾಹೀರಾತಿನಲ್ಲಿ ಕಾಣುವ ‘ಎಆರ್‌ಎಐ ಮೈಲೇಜ್’ ಅನ್ನುವುದರಲ್ಲಿ ಎಆರ್‌ಎಐ ಅಂದರೆ ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ. ವಾಹನ ಉದ್ಯಮ ಮತ್ತು ಕೇಂದ್ರ ಸರ್ಕಾರ ಸೇರಿ ಕಟ್ಟಿದ ಸಂಸ್ಥೆ ಇದು. ಪರೀಕ್ಷೆ ನಡೆಯೋದು ರಸ್ತೆಯಲ್ಲಲ್ಲ, ಪ್ರಯೋಗಾಲಯದಲ್ಲಿ. ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಮೊದಲೇ ಬರೆದಿಟ್ಟ ವೇಗದ ಪಟ್ಟಿಯಂತೆ ಓಡಿಸುತ್ತಾರೆ. ಯುರೋಪಿನ ಹಳೆಯ ಪರೀಕ್ಷೆಯನ್ನು ಸ್ವಲ್ಪ ತಿದ್ದಿ ನಾವು ಬಳಸುತ್ತಿರುವ ಈ ಪಟ್ಟಿ 1180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ. ಓಡುವ ದೂರ ಸುಮಾರು 10.6 ಕಿ.ಮೀ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಸರಾಸರಿ 32ರ ಆಸುಪಾಸು. ವೇಗ ಏರಿಸೋದು ನಿಧಾನವಾಗಿ. ಎಸಿ ಆಫ್.

ಡೀಸೆಲ್ ಎಷ್ಟು ಉರಿಯಿತು ಅನ್ನೋದನ್ನೂ ಟ್ಯಾಂಕ್ ನೋಡಿ ಹೇಳೋದಿಲ್ಲ. ಹೊಗೆ ಕೊಳವೆಯಿಂದ ಬಂದ ಅನಿಲದಲ್ಲಿ ಇಂಗಾಲ ಎಷ್ಟಿದೆ ಎಂದು ಅಳೆದು, ಅಷ್ಟು ಇಂಗಾಲ ಬರಲು ಎಷ್ಟು ಡೀಸೆಲ್ ಬೇಕು ಎಂದು ಲೆಕ್ಕ ಹಾಕುತ್ತಾರೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತೆ. ವಿಧಾನ ಕರಾರುವಾಕ್ಕಾದದ್ದೇ.

ಅಂದರೆ ಆ ಸಂಖ್ಯೆ ಸುಳ್ಳಲ್ಲ. ಒಂದು ಕಾರನ್ನು ಇನ್ನೊಂದರ ಜೊತೆ ಹೋಲಿಸೋಕೆ ಎಲ್ಲಕ್ಕೂ ಒಂದೇ ಪರೀಕ್ಷೆ ಬೇಕೇ ಬೇಕು. ಎಡವಟ್ಟಾಗೋದು ಹೋಲಿಕೆಗೆ ಮಾಡಿದ ಸಂಖ್ಯೆಯನ್ನು ಗ್ರಾಹಕರಿಗೆ ಭರವಸೆ ಥರ ಮಾರಿದಾಗ.

ರಸ್ತೆಯಲ್ಲಿ ಏನು ಬದಲಾಗುತ್ತೆ?

ರೋಲರ್ ಮೇಲೆ ಹಂಪ್ ಇಲ್ಲ, ಗುಂಡಿ ಇಲ್ಲ, ಏರು ಇಲ್ಲ, ಹಿಂದಿನ ಸೀಟಿನಲ್ಲಿ ನಾಲ್ಕು ಜನ ಇಲ್ಲ. ಕಾಡಂಚಿನ ರಸ್ತೆಯಲ್ಲಿ ಪ್ರಾಣಿಗಳಿಗಾಗಿ ಹಂಪ್ ಹಾಕಿರುತ್ತಾರೆ, ಹಾಕಲೇಬೇಕು. ಆದರೆ ಪ್ರತಿ ಹಂಪಿಗೂ ಬ್ರೇಕ್ ಒತ್ತಿ ಮತ್ತೆ ವೇಗ ಏರಿಸಿದಾಗ, ಅದಾಗಲೇ ಡೀಸೆಲ್ ಸುಟ್ಟು ಗಳಿಸಿದ ವೇಗ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತೆ. ಕಾರು ಭಾರ ಇದ್ದಷ್ಟೂ ಈ ನಷ್ಟ ಜಾಸ್ತಿ.

ಮೈಸೂರು ಹತ್ತಿರವಾಗಿ ರಸ್ತೆ ಚೆನ್ನಾದ ಮೇಲೆ ಬೇರೆ ಸಮಸ್ಯೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಇದರ ಜೊತೆ ಎಸಿ, ಟೈರಿನಲ್ಲಿ ಕಡಿಮೆ ಗಾಳಿ, ಮೇಲೆ ಕ್ಯಾರಿಯರ್. ಚಿಕ್ಕ ಓಡಾಟವೂ ದುಬಾರಿಯೇ: ಎಂಜಿನ್ ಬಿಸಿಯಾಗುವ ಮುಂಚೆಯೇ ಸಂತೆ ಬಂದುಬಿಟ್ಟಿರುತ್ತೆ, ತಣ್ಣಗಿನ ಎಂಜಿನ್ ಹೆಚ್ಚು ಕುಡಿಯುತ್ತೆ.

2020ರ ನಂತರದ ಬಿಎಸ್6 ಡೀಸೆಲ್ ಕಾರಾದರೆ ಇನ್ನೊಂದು ವಿಷಯ ಗೊತ್ತಿರಬೇಕು. ಅದರ ಹೊಗೆ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ. ತುಂಬಿದ ಮಸಿಯನ್ನು ಸುಡೋಕೆ ಕಾರು ಆಗಾಗ ಹೆಚ್ಚುವರಿ ಡೀಸೆಲ್ ಬಳಸುತ್ತೆ. ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದರೆ ಈ ಕೆಲಸ ಮುಗಿಯುತ್ತೆ. ದಿನಾ ನಾಲ್ಕೈದು ಕಿ.ಮೀ. ಮಾತ್ರ ಓಡಿಸುವವರಿಗೆ ಮುಗಿಯೋದಿಲ್ಲ, ಮಸಿ ಕಟ್ಟಿಕೊಳ್ಳುತ್ತೆ.

ಅಂತರದ ಬೆಲೆ ಎಷ್ಟು?

ನಮ್ಮದೇ ರಾಜ್ಯದ ಕಾರನ್ನೇ ತೆಗೆದುಕೊಳ್ಳಿ. ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಬರುತ್ತಿದ್ದ ಎಟಿಯೋಸ್‌ಗೆ 1364 ಸಿಸಿ ಡೀಸೆಲ್ ಎಂಜಿನ್ ಇತ್ತು. ಹಳದಿ ಬೋರ್ಡಿನವರಿಗೆ ಚೆನ್ನಾಗಿ ಗೊತ್ತಿರುವ ಕಾರು. ಘೋಷಿತ ಮೈಲೇಜ್ 23.59. ಒಬ್ಬ ಚಾಲಕರು ತಿಂಗಳಿಗೆ 3,000 ಕಿ.ಮೀ. ಓಡಿಸುತ್ತಾರೆ, ರಸ್ತೆಯಲ್ಲಿ ಸಿಗೋದು 18, ಡೀಸೆಲ್ ಲೀಟರಿಗೆ ₹90 ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ.

23.59ರ ಲೆಕ್ಕದಲ್ಲಿ ಬೇಕಾಗೋದು 127 ಲೀಟರ್. 18ರ ಲೆಕ್ಕದಲ್ಲಿ 167 ಲೀಟರ್. ವ್ಯತ್ಯಾಸ ಸುಮಾರು 40 ಲೀಟರ್, ಅಂದರೆ ತಿಂಗಳಿಗೆ ₹3,600 ಹತ್ತಿರ, ವರ್ಷಕ್ಕೆ ₹40,000 ದಾಟುತ್ತೆ. ಸಾಲ ಮಾಡಿ ಕಾರು ತೆಗೆದವರಿಗೆ ಇದು ಒಂದು ಅಥವಾ ಎರಡು ಕಂತಿನ ದುಡ್ಡು ಇರಬಹುದು.

ಡೀಸೆಲ್ ಯಾಕೆ ಹೆಚ್ಚು ಕೊಡುತ್ತೆ? ಸಣ್ಣ ಡೀಸೆಲ್ ಕಾರು ಯಾಕೆ ಮಾಯವಾಯ್ತು?

ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಇರುತ್ತೆ. ಜೊತೆಗೆ ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಒತ್ತಿ ಉರಿಸುತ್ತೆ, ಹಾಗಾಗಿ ಪೋಲು ಕಡಿಮೆ. ಇದು ವಿಜ್ಞಾನ. ಆದರೆ ಸಣ್ಣ ಡೀಸೆಲ್ ಕಾರನ್ನು ಊರೂರಿಗೆ ತಂದದ್ದು ಸರ್ಕಾರದ ನೀತಿ.

2010ರ ಜೂನ್‌ನಲ್ಲಿ ಪೆಟ್ರೋಲ್ ಬೆಲೆ ನಿಯಂತ್ರಣ ತೆಗೆದ ಕೇಂದ್ರ, ಡೀಸೆಲ್ ಬೆಲೆಯನ್ನು 2014ರ ಅಕ್ಟೋಬರ್‌ವರೆಗೆ ಹಿಡಿದಿಟ್ಟಿತು. ನಡುವೆ 2012ರಲ್ಲಿ ಎರಡರ ಅಂತರ ಲೀಟರಿಗೆ ₹25 ದಾಟಿತ್ತು. ರೈತರ ಟ್ರ್ಯಾಕ್ಟರ್, ಲಾರಿ, ಬಸ್ಸಿಗಾಗಿ ಕೊಟ್ಟ ಸಬ್ಸಿಡಿಯ ಒಂದು ಪಾಲು ಕಾರಿನ ಟ್ಯಾಂಕಿಗೂ ಹೋಯಿತು. ಸ್ವಿಫ್ಟ್, ಇಂಡಿಕಾ, ಬೀಟ್, ಎಟಿಯೋಸ್ ಎಲ್ಲವೂ ಡೀಸೆಲ್‌ನಲ್ಲಿ ಬಂದವು. 2015ರಲ್ಲಿ ಮಾರುತಿ 793 ಸಿಸಿಯ ಎರಡೇ ಸಿಲಿಂಡರಿನ ಸೆಲೆರಿಯೊ ಡೀಸೆಲ್ ತಂದು 27.62 ಮೈಲೇಜ್ ಎಂದಿತು.

2020ರ ಏಪ್ರಿಲ್ 1ರಂದು ಬಿಎಸ್6 ಜಾರಿಯಾಯಿತು. ಹೊಗೆ ಶುದ್ಧಿ ಮಾಡುವ ಉಪಕರಣಗಳ ಖರ್ಚು ಸಣ್ಣ ಕಾರಿಗೆ ಭಾರವಾಯಿತು. ಮಾರುತಿ ಡೀಸೆಲ್ ಕಾರು ನಿಲ್ಲಿಸಿತು, ಎಟಿಯೋಸ್ ಕೂಡ ನಿಂತಿತು. ಹಾಗಾಗಿ ಇವತ್ತು ‘ಸಣ್ಣ ಡೀಸೆಲ್ ಕಾರು’ ಅಂದರೆ ಬಹುಪಾಲು ಸೆಕೆಂಡ್ ಹ್ಯಾಂಡ್ ಕಾರು. ಹೊಸದಿದ್ದಾಗಿನ ಬ್ರೋಷರ್ ಸಂಖ್ಯೆಯನ್ನೇ ಹೇಳಿ ಮಾರುತ್ತಾರೆ. ಲಕ್ಷ ಕಿ.ಮೀ. ದಾಟಿದ, ಇಂಜೆಕ್ಟರ್ ಸವೆದ ಕಾರಿಗೆ ಆ ಸಂಖ್ಯೆಯ ಹಂಗೇ ಇರೋದಿಲ್ಲ.

ಡೀಸೆಲ್ ಕಾರು ಯಾರಿಗೆ ಲಾಭ?

ಪೆಟ್ರೋಲ್ ₹100, ಕಾರು 15 ಕೊಡುತ್ತೆ ಅಂದರೆ ಕಿ.ಮೀ.ಗೆ ₹6.67. ಡೀಸೆಲ್ ₹90, ಕಾರು 19 ಕೊಡುತ್ತೆ ಅಂದರೆ ₹4.74. ಉಳಿತಾಯ ಕಿ.ಮೀ.ಗೆ ₹1.93. ಡೀಸೆಲ್ ಕಾರಿಗೆ ₹1 ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ವಾಪಸ್ ಬರೋದು ಸುಮಾರು 52,000 ಕಿ.ಮೀ. ಓಡಿದ ಮೇಲೆ. ತಿಂಗಳಿಗೆ 3,000 ಓಡಿಸುವ ಬಾಡಿಗೆಯವರಿಗೆ ಒಂದೂವರೆ ವರ್ಷ ಸಾಕು. 1,000 ಓಡಿಸುವ ಮನೆಯವರಿಗೆ ನಾಲ್ಕು ವರ್ಷಕ್ಕೂ ಹೆಚ್ಚು, ಅದೂ ರಿಪೇರಿ ಖರ್ಚು ಬಿಟ್ಟು.

ಪ್ರತಿ ಲೀಟರಿನಲ್ಲೂ ತೆರಿಗೆ

ಮೈಲೇಜ್ ಕಡಿಮೆಯಾದರೆ ತೆರಿಗೆಯೂ ಹೆಚ್ಚು ಕಟ್ಟಿದಂತೆ. 2020ರ ಮೇನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಸುಂಕವನ್ನು ಒಂದೇ ಏಟಿಗೆ ₹13 ಏರಿಸಿತು. ಆಮೇಲೆ 2021ರ ನವೆಂಬರ್‌ನಲ್ಲಿ ₹10, 2022ರ ಮೇನಲ್ಲಿ ₹6 ಇಳಿಸಿತು. ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಮಾಡಿದರು. ಕಾರಿನಲ್ಲಿ ಬಾಡಿಗೆ ಓಡಿಸುವ ಒಂಟಿ ಚಾಲಕರಿಗೆ ಅಂಥ ಬಲ ಇಲ್ಲ.

ಗ್ರಾಹಕ ಕೋರ್ಟ್ ಏನು ಹೇಳಿದೆ?

ಪಕ್ಕದ ಕೇರಳದ ತ್ರಿಶೂರಿನಲ್ಲಿ ಒಬ್ಬ ಮಹಿಳೆ 2014ರಲ್ಲಿ ಫೋರ್ಡ್ ಕ್ಲಾಸಿಕ್ ಡೀಸೆಲ್ ಕಾರು ಕೊಂಡಿದ್ದರು. ಹೇಳಿದ್ದ ಮೈಲೇಜ್ 32. ತಜ್ಞರು ಓಡಿಸಿ ಅಳೆದಾಗ ಸಿಕ್ಕಿದ್ದು 19.6. ಜಿಲ್ಲಾ ಗ್ರಾಹಕ ಆಯೋಗ 2022ರಲ್ಲಿ ಅವರಿಗೆ ₹3 ಲಕ್ಷ ಪರಿಹಾರ, ಜೊತೆಗೆ ₹10,000 ಖರ್ಚು ಕೊಡುವಂತೆ ಆದೇಶಿಸಿತು. ಆ ಪ್ರಕರಣದಲ್ಲಿ ನಿರ್ಣಾಯಕವಾದದ್ದು ತಜ್ಞರ ಅಳತೆ. ಬರೀ ‘ಕೊಡ್ತಾ ಇಲ್ಲ’ ಅಂದರೆ ಸಾಲದು.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ವಿರುದ್ಧ ಅವಕಾಶ ಇದೆ. ದೂರಿಗೆ ಎರಡು ವರ್ಷದ ಗಡುವು. ವಸ್ತುವಿಗೆ ಕೊಟ್ಟ ಹಣ ₹5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಸಹಾಯವಾಣಿ ಸಂಖ್ಯೆ 1915.

ನಿಮ್ಮ ಕಾರಿನ ನಿಜ ಮೈಲೇಜ್ ಅಳೆಯೋದು ಹೇಗೆ?

* ಬಂಕಿನಲ್ಲಿ ಪೈಪ್ ತಾನಾಗೇ ‘ಕಟ್’ ಆಗುವವರೆಗೆ ಟ್ಯಾಂಕ್ ತುಂಬಿಸಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ.
* ಕನಿಷ್ಠ 300–400 ಕಿ.ಮೀ. ಎಂದಿನಂತೆ ಓಡಿಸಿ.
* ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿ.ಮೀ.ಯನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ.
* ಮೂರು ಸಲ ಮಾಡಿ ಒಟ್ಟು ಕಿ.ಮೀ., ಒಟ್ಟು ಲೀಟರ್ ಹಿಡಿದು ಸರಾಸರಿ ತೆಗೆಯಿರಿ. ಬಿಲ್ ಎತ್ತಿಡಿ.

ಇನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತೆ ಅನ್ನೋ ನಂಬಿಕೆ ಬಿಡಿ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹರಿವು ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸೋಕೆ ಡೀಸೆಲ್ ಬೇಕು, ಕಾರಿನ ಮೇಲೆ ಹಿಡಿತವೂ ಕಡಿಮೆ.

ನಾವು ಏನು ಕೇಳಬೇಕು?

ಈ ಅಂತರ ನಮ್ಮಲ್ಲಿ ಮಾತ್ರ ಇಲ್ಲ. ಯುರೋಪ್ ತನ್ನ ಹಳೆಯ ಪರೀಕ್ಷೆಯನ್ನು ಕೈಬಿಟ್ಟು ಹೊಸದು ತಂದಿತು. ಅಷ್ಟೇ ಅಲ್ಲ, ಹೊಸ ಕಾರುಗಳಲ್ಲಿ ಇಂಧನ ಬಳಕೆ ದಾಖಲಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಆ ದಾಖಲೆ ಆಧರಿಸಿ ಯುರೋಪಿಯನ್ ಕಮಿಷನ್ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು: ಹೊಸ ಪರೀಕ್ಷೆಗೆ ಹೋಲಿಸಿದರೂ ಡೀಸೆಲ್ ಕಾರುಗಳ ನಿಜ ಬಳಕೆ ಸುಮಾರು ಶೇ. 18, ಪೆಟ್ರೋಲ್ ಕಾರುಗಳದ್ದು ಸುಮಾರು ಶೇ. 24 ಹೆಚ್ಚು. ಅಲ್ಲಿ ಅಂತರ ಎಷ್ಟೆಂದು ಸರ್ಕಾರವೇ ಅಳೆದು ಜನರ ಮುಂದಿಟ್ಟಿದೆ.

ನಮ್ಮಲ್ಲೂ ಇದು ಅಸಾಧ್ಯವೇನಲ್ಲ. 2023ರ ಏಪ್ರಿಲ್‌ನಿಂದ ಕಾರುಗಳ ವಿಷಾನಿಲವನ್ನು ನಿಜ ರಸ್ತೆಯಲ್ಲಿ ಓಡಿಸಿಯೇ ಪರೀಕ್ಷಿಸುತ್ತಿದ್ದಾರೆ. ಹೊಗೆಗೆ ರಸ್ತೆ ಪರೀಕ್ಷೆ ಸಾಧ್ಯ ಅಂದರೆ ಮೈಲೇಜಿಗೂ ಸಾಧ್ಯ. ಕಂಪನಿಗಳು ಪಾಲಿಸಬೇಕಾದ ಸರಾಸರಿ ಇಂಗಾಲದ ಮಿತಿ (2017ರಲ್ಲಿ ಕಿ.ಮೀ.ಗೆ 130 ಗ್ರಾಂ, 2022ರಿಂದ 113 ಗ್ರಾಂ) ಲೆಕ್ಕವಾಗೋದು ಕೂಡ ಪ್ರಯೋಗಾಲಯದ ಸಂಖ್ಯೆಯ ಮೇಲೇ. ರೋಲರ್ ಮೇಲೆ ಉಳಿದ ಡೀಸೆಲ್‌ಗೆ ಕಂಪನಿಗೆ ಅಂಕ ಸಿಗುತ್ತೆ. ರಸ್ತೆಯಲ್ಲಿ ಉರಿದ ಡೀಸೆಲ್‌ನ ಬಿಲ್ ಚಾಲಕರಿಗೆ, ಹೊಗೆ ಎಲ್ಲರಿಗೂ.

ಹಾಗಾಗಿ ಬೇಡಿಕೆ ದೊಡ್ಡದೇನಲ್ಲ. ಜಾಹೀರಾತಿನಲ್ಲಿ ಎರಡು ಸಂಖ್ಯೆ ಇರಲಿ: ಒಂದು ಪ್ರಯೋಗಾಲಯದ್ದು, ಇನ್ನೊಂದು ಎಸಿ ಹಾಕಿ, ಜನರನ್ನು ಕೂರಿಸಿಕೊಂಡು ನಿಜ ರಸ್ತೆಯಲ್ಲಿ ಓಡಿಸಿದ್ದು. ಎನ್. ಬೇಗೂರಿನಲ್ಲಿ ಸಾಲ ಮಾಡಿ ಬಾಡಿಗೆ ಕಾರು ತೆಗೆಯುವ ಹುಡುಗ ಲೆಕ್ಕ ಹಾಕಬೇಕಾದದ್ದು ಆ ಎರಡನೇ ಸಂಖ್ಯೆಯಲ್ಲಿ. ಅದು ಸಾಲಕ್ಕೆ ಸಹಿ ಹಾಕುವ ಮುಂಚೆಯೇ ಅವನ ಕೈಗೆ ಸಿಗಬೇಕು.