ಹಾಳೆಟೊಪ್ಪಿಯಿಂದ ಮೈಸೂರು ಪೇಟದವರೆಗೆ: ಕಡಲಾಚೆ ಹೋದವರು ಏನು ತೊಟ್ಟಿದ್ದರು?

ಮತ್ತಿಘಟ್ಟದ ಕಡೆಯ ಮನೆಯೊಂದರ ಜಗಲಿಯಲ್ಲಿ ಕೂತಿದ್ದೆವು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದ ಆಯಿ ವೀಸಾ, ವಿಮಾನ, ಇಂಗ್ಲಿಷು ಯಾವುದಕ್ಕೂ ಹೆದರಿರಲಿಲ್ಲ. ಅವರ ಚಿಂತೆ ಬೇರೆ ಇತ್ತು. ‘ತಮಾ, ಅಲ್ಲಿ ಸೀರೆ ಉಟ್ಕಂಡು ಓಡಾಡಿದ್ರೆ ಯಾರಾದ್ರೂ ನಗ್ಯಾಡ್ತ್ವಾ?’ ಎಂದು ಕೇಳಿದರು. ನಗುವವರಿದ್ದರೆ ಹೋಗುವುದೇ ಬೇಡ ಎನ್ನುವಷ್ಟರ ಮಟ್ಟಿಗೆ ಅದು ಅವರನ್ನು ಕಾಡುತ್ತಿತ್ತು.

ಇದು ಸಣ್ಣ ಪ್ರಶ್ನೆಯಲ್ಲ. ದೊಡ್ಡ ದೊಡ್ಡವರೂ ಈ ಪ್ರಶ್ನೆಯಲ್ಲಿ ಎಡವಿ, ಎದ್ದು, ಉತ್ತರ ಕಂಡುಕೊಂಡಿದ್ದಾರೆ.

ನಮ್ಮ ಜಿಲ್ಲೆಗೆ ಕಡಲು ಹೊಸದಲ್ಲ. ಘಟ್ಟದ ಮೇಲಿನ ಕಾಳುಮೆಣಸು ಶತಮಾನಗಳ ಹಿಂದೆಯೇ ಯುರೋಪಿಗೆ ಹೋಗುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದಿದ್ದೇ ‘ಮೆಣಸಿನ ರಾಣಿ’ ಎಂದು. ಆದರೆ ಮೆಣಸು ದಾಟಿದ ಕಡಲನ್ನು ಮನುಷ್ಯರು ದಾಟುವುದಕ್ಕೆ ಶಾಸ್ತ್ರ ಅಡ್ಡ ಬರುತ್ತಿತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಜಾತಿಯಿಂದ ಬೀಳಿಸುವ ಪಾಪಗಳ ಸಾಲಿನಲ್ಲಿಟ್ಟಿದೆ. 1888ರಲ್ಲಿ ಮೋಹನದಾಸ ಗಾಂಧಿ ಬ್ಯಾರಿಸ್ಟರ್ ಓದಲು ಹೊರಟಾಗ ಅವರ ಜಾತಿಯ ಪಂಚಾಯ್ತಿ ಬಹಿಷ್ಕಾರ ಹಾಕಿತು. ಬೀಳ್ಕೊಡಲು ಹೋದವರಿಗೂ ಒಂದೂಕಾಲು ರೂಪಾಯಿ ದಂಡ!

ಬಹಿಷ್ಕಾರಕ್ಕೆ ಜಗ್ಗದ ಆ ಹುಡುಗ ಬಟ್ಟೆಯ ವಿಷಯದಲ್ಲಿ ಮಾತ್ರ ಪೇಚಿಗೆ ಸಿಕ್ಕಿಕೊಂಡ. ಇಂಗ್ಲೆಂಡಿನ ನೆಲಕ್ಕೆ ಕಾಲಿಡುವಾಗ ಬಿಳಿ ಬಟ್ಟೆಯೇ ಚಂದ ಎಂದುಕೊಂಡು, ಬಿಳಿ ಫ್ಲಾನೆಲ್ ಸೂಟು ತೊಟ್ಟು ಸೌತಾಂಪ್ಟನ್ನಿನಲ್ಲಿ ಇಳಿದ. ಅದು ಸೆಪ್ಟೆಂಬರಿನ ಕೊನೆ, ಚಳಿ ಶುರುವಾಗುವ ಹೊತ್ತು. ಅಲ್ಲಿ ಹಾಗೆ ತೊಟ್ಟವನು ಅವನೊಬ್ಬನೇ. ಬೇರೆ ಬಟ್ಟೆಯಿದ್ದ ಪೆಟ್ಟಿಗೆಗಳನ್ನು ಏಜೆಂಟರಿಗೆ ಒಪ್ಪಿಸಿಯಾಗಿತ್ತು, ಮಾರನೇ ದಿನ ಭಾನುವಾರ. ಸೋಮವಾರದವರೆಗೂ ನಾಚಿಕೆಯಲ್ಲೇ ಕಾಯಬೇಕಾಯಿತು. ಆಮೇಲೆ ಅತ್ತ ಕಡೆ ಅತಿಯಾಯಿತು: 19 ಶಿಲ್ಲಿಂಗಿನ ಎತ್ತರದ ಹ್ಯಾಟು, ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡ್ ಕೊಟ್ಟು ಹೊಲಿಸಿದ ಸೂಟು, ಟೈ ಕಟ್ಟಲು ದಿನಾ ಕನ್ನಡಿ ಮುಂದೆ ಹತ್ತು ನಿಮಿಷ. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಅದೇ ಗಾಂಧಿ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ತುಂಡುಪಂಚೆ, ಶಾಲು, ಚಪ್ಪಲಿಯಲ್ಲೇ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜನನ್ನು ಕಂಡರು. ಒಂದೇ ಊರು, ಒಬ್ಬನೇ ಮನುಷ್ಯ. ನಡುವೆ 43 ವರ್ಷ ಕಳೆದಿತ್ತು, ನಾಚಿಕೆಯೂ ಹೋಗಿತ್ತು.

ಸ್ವಾಮಿ ವಿವೇಕಾನಂದರ ಕಥೆ ನಮಗೆ ಇನ್ನೂ ಹತ್ತಿರದ್ದು. 1892ರಲ್ಲಿ ಅವರು ಬೆಳಗಾವಿಗೆ ಬಂದರು, ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಅವರನ್ನು ಅಮೆರಿಕಕ್ಕೆ ಕಳಿಸಲು ಮದರಾಸಿನಲ್ಲಿ ಮನೆಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. 1893ರ ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿದ ಸ್ವಾಮೀಜಿ ಬಳಿ ರೇಷ್ಮೆ ನಿಲುವಂಗಿಯಿತ್ತು, ಪೇಟವಿತ್ತು. ಬೆಚ್ಚನೆಯ ಬಟ್ಟೆ ಮಾತ್ರ ಸಾಕಷ್ಟು ಇರಲಿಲ್ಲ. ಬೇಸಿಗೆಯಲ್ಲಿ ಹೊರಟವರಿಗೆ ಮುಂದಿನ ಚಳಿಯನ್ನು ನೆನಪಿಸುವವರು ಇರಲಿಲ್ಲವೇನೋ. ಹಡಗಿನಲ್ಲೇ ನಡುಗಿದರು.

ಆಗಸ್ಟಿನಲ್ಲಿ ಬೋಸ್ಟನ್ ಸಮೀಪದ ಹಳ್ಳಿಯೊಂದರಲ್ಲಿದ್ದಾಗ ಅವರು ಅಳಸಿಂಗರಿಗೆ ಬರೆದ ಪತ್ರದಲ್ಲಿ ಬಟ್ಟೆಯ ಕಷ್ಟವೇ ದೊಡ್ಡದು. ಅವರ ವಿಚಿತ್ರ ಉಡುಪು ನೋಡಲು ಬೀದಿಯಲ್ಲಿ ಜನ ಸೇರುತ್ತಿದ್ದರು. ಕೊನೆಗೆ ಅಲ್ಲಿಯ ಹೆಂಗಸರು ಕೊಟ್ಟ ಸಲಹೆಯನ್ನು ಒಪ್ಪಿಕೊಂಡರು: ಓಡಾಡಲು ಉದ್ದನೆಯ ಕಪ್ಪು ಕೋಟು, ಭಾಷಣಕ್ಕೆ ಕೆಂಪು ನಿಲುವಂಗಿ ಮತ್ತು ಪೇಟ. ಮುಂದಿನ ತಿಂಗಳು 11ರಂದು ಶಿಕಾಗೋದ ವೇದಿಕೆಯಲ್ಲಿ ಲೋಕ ಕಂಡದ್ದು ಆ ನಿಲುವಂಗಿಯ ಸ್ವಾಮೀಜಿಯನ್ನು. ಬೀದಿಗೊಂದು, ವೇದಿಕೆಗೊಂದು ಬಟ್ಟೆಯಾಯಿತು. ಒಳಗಿದ್ದ ಸನ್ಯಾಸಿ ಬದಲಾಗಲಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯ ಈ ಎರಡನ್ನೂ ಒಂದೇ ಮೈಮೇಲೆ ಕೂಡಿಸಿದರು. 1898ರಲ್ಲೇ ಜಪಾನ್ ನೋಡಿ ಬಂದವರು, ಮುಂದೆ ಯುರೋಪು, ಅಮೆರಿಕ ಸುತ್ತಿದವರು. ಅವರ ಯಾವ ಫೋಟೋ ತೆಗೆದರೂ ಕುತ್ತಿಗೆಯಿಂದ ಕೆಳಗೆ ಅಚ್ಚುಕಟ್ಟಾದ ಸೂಟು, ತಲೆ ಮೇಲೆ ಜರಿಯಂಚಿನ ಮೈಸೂರು ಪೇಟ. ಸೂಟು ಕೆಲಸದ ಶಿಸ್ತು ಹೇಳಿದರೆ ಪೇಟ ಊರಿನ ಹೆಸರು ಹೇಳುತ್ತಿತ್ತು.

ಇದೆಲ್ಲ ಗಂಡಸರ ಮಾತಾಯಿತು. ಆಯಿಯ ಪ್ರಶ್ನೆ ಸೀರೆಯದ್ದು. ಅದಕ್ಕೆ ಉತ್ತರ ಮಂಗಳೂರಿನಲ್ಲಿದೆ. 1903ರಲ್ಲಿ ಅಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1929ರಲ್ಲಿ ಬರ್ಲಿನ್ನಿನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ ಹೋಗಿದ್ದರು. ಸಭೆಯಲ್ಲಿ ಬೇರೆ ದೇಶಗಳ ಬಾವುಟಗಳಿದ್ದವು, ಬ್ರಿಟಿಷರ ಕೈಕೆಳಗಿದ್ದ ಭಾರತದ್ದು ಇರಲಿಲ್ಲ. ನಮ್ಮ ಹೆಣ್ಣುಮಕ್ಕಳು ಸೀರೆಗಳನ್ನೇ ಹರಿದು ತ್ರಿವರ್ಣ ಬಾವುಟ ಮಾಡಿಕೊಂಡರು. ಪರದೇಶದಲ್ಲಿ ಸೀರೆ ಕಂಡು ನಕ್ಕಾರು ಎಂದು ಹೆದರುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕೆ? ಕಮಲಾದೇವಿ ಮುಂದೆ ಜೀವನವನ್ನೆಲ್ಲ ಕೈಮಗ್ಗ, ಕರಕುಶಲದವರಿಗಾಗಿ ಸವೆಸಿದರು.

ಆಮೇಲಿನ ಕಾಲದಲ್ಲಿ ಹೋಗುವವರೇ ಬದಲಾದರು. ಓದಲು, ಭಾಷಣ ಮಾಡಲು ಹೋಗುವವರ ಹಿಂದೆ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಹೊರಟರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದ ಮನೆಗಳಿಂದಲೂ ಜನ ಹೀಗೆ ಹೋಗಿಬರುತ್ತಾರೆ.

ಹಾಗೆ ನೋಡಿದರೆ ಬಟ್ಟೆಯ ಲೆಕ್ಕಾಚಾರ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೊರೆ ಹೊರುವಾಗ ಹಾಳೆಟೊಪ್ಪಿ, ಆಷಾಢದ ಮಳೆಗೆ ಕಂಬಳಿಕೊಪ್ಪೆ, ಪೂಜೆಗೆ ಮಡಿ, ಮದುವೆಗೆ ಜರಿ. ಹವೆ, ಕೆಲಸ, ಸಂದರ್ಭ ನೋಡಿ ಉಡುವವರು ನಾವು. ಪರದೇಶಕ್ಕೂ ಅದೇ ಲೆಕ್ಕ. ಚಳಿಯೂರಿಗೆ ಒಂದು ದಪ್ಪ ಕೋಟಿಗಿಂತ ಪದರ ಪದರವಾಗಿ ತೊಡುವುದು ಮೇಲು, ಪದರಗಳ ನಡುವೆ ನಿಂತ ಗಾಳಿಯೇ ಮೈ ಕಾಯುತ್ತದೆ. ಹತ್ತಿ ಬಟ್ಟೆ ನೆನೆದರೆ ಬೇಗ ಒಣಗದು, ಉಣ್ಣೆ ನೆನೆದರೂ ಒಂದಿಷ್ಟು ಬೆಚ್ಚಗಿರುತ್ತದೆ. ಕಂಬಳಿ ಹೊದ್ದವರಿಗೆ ಇದು ಗೊತ್ತಿರುವ ಮಾತೇ. ಚರ್ಚು, ಮಸೀದಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚಿರಬೇಕು. ಕೆಲವು ಕಡೆ ಹೆಂಗಸರು ತಲೆಗೂ ಬಟ್ಟೆ ಹಾಕಿಕೊಳ್ಳಬೇಕಾಗುತ್ತದೆ. ಬೆಚ್ಚನೆಯದನ್ನು ಒಂದಾದರೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಗಾಂಧಿಗೆ ಪೆಟ್ಟಿಗೆ ಕೈಗೆ ಸಿಗದೆ ಆದ ಫಜೀತಿ ನೆನಪಿರಲಿ.

ಆಯಿಗೆ ಇಷ್ಟನ್ನೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಸೀರೆಗಳನ್ನು ತಂದು ಜಗಲಿ ಮೇಲೆ ಹರಡಿದರು. ನಾಲ್ಕು ತೆಗೆದಿಟ್ಟರು. ಸೀರೆಯ ಒಳಗೆ ಹಾಕಲು ಉಣ್ಣೆ ಕಾಲುಚೀಲ, ಮೇಲೆ ಉದ್ದ ಸ್ವೆಟರು, ಕಾಲಿಗೆ ಶೂ ಎಂದು ಚೀಟಿ ಬರೆಸಿಕೊಂಡರು, ಶಿರಸಿ ಪೇಟೆಯಿಂದ ತರಿಸಬೇಕಲ್ಲ.